ಒಂದೇ ಒಲೆಯ ಇಬ್ಬರು ಉಮೇದುವಾರರು

ನಾನು ಹೇಳುತ್ತ ಹೋಗುತ್ತೇನೆ, ಕಂಠಿ ಮಾಸ್ತರರು ಬರೆದುಕೊಳ್ಳುತ್ತಾರೆ. ನನಗೆ ಅಕ್ಷರ ಬಾರದು, ಅವರಿಗೆ ಇನ್ನೊಬ್ಬರ ಮಾತು ಕೇಳುವ ತಾಳ್ಮೆ ಇಲ್ಲ. ಆದರೂ ಇಬ್ಬರೂ ಒಪ್ಪಿ ಕೂತಿದ್ದೇವೆ. ನಡುನಡುವೆ ಅವರು ತಮ್ಮ ಪಕ್ಷದ ಮಾತು ತುರುಕಿದರೆ ಅದು ನನ್ನದಲ್ಲ ಎಂದು ಮೊದಲೇ ಹೇಳಿಬಿಡುತ್ತೇನೆ. ಅವರ ಪತ್ರಿಕೆಯಲ್ಲಿ ಮಳೆ ಬಂದರೆ ಅದು ತಮ್ಮ ಪಕ್ಷದ್ದು, ಆಮೇಲಿನ ಕೆಸರು ಎದುರು ಪಕ್ಷದ್ದು.

ನಮ್ಮ ದೊರೆ ಊರು ಬಿಟ್ಟು ಹೋಗಿ ಹನ್ನೆರಡು ವರ್ಷವಾಯಿತು. ಅಂದಿನಿಂದ ಊರ ಹಿರಿಯನನ್ನು ಊರವರೇ ಐದು ವರ್ಷಕ್ಕೊಮ್ಮೆ ಆರಿಸಬೇಕು ಎಂದಾಗಿದೆ. ಒಲೆಗೊಂದು ಮತ, ಒಲೆ ಹಚ್ಚುವವರು ಯಾರೋ ಅವರದೇ ಮತ. ಹೀಗೆ ಬರೆದ ಗಂಡಸರು ಒಲೆ ಎಂದರೆ ಮನೆ, ಮನೆ ಎಂದರೆ ತಾವು ಎಂದುಕೊಂಡಿದ್ದರಂತೆ. ಮೊದಲ ಚುನಾವಣೆಯ ಬೆಳಿಗ್ಗೆ ಹೆಂಗಸರು ಬಂದು ಸಾಲು ನಿಂತಾಗ ಕಾಗದ ತರಿಸಿ ಮತ್ತೊಮ್ಮೆ ಓದಿದರು. ಬರೆದದ್ದು ಹಾಗೇ ಇತ್ತು. ತಮಗೂ ಮತ ಬೇಕೇ ಬೇಕು ಎಂದ ಹದಿನೇಳು ಗಂಡಸರು ಆಮೇಲೆ ಅಡುಗೆ ಕಲಿತರು. ಅವರಲ್ಲಿ ನಾಲ್ವರು ಚೆನ್ನಾಗಿ ಮಾಡುತ್ತಾರೆ.

ಊರ ಹೆಬ್ಬಾಗಿಲು, ಅಂದರೆ ಅಗಸಿಯ ಮುಂದಿನ ಕಲ್ಲಿನ ಮೇಲೆ ನಿಂತು, ಎಲ್ಲರಿಗೂ ಕೇಳುವ ಹಾಗೆ ಒಂದು ಹೆಸರು ಹೇಳಬೇಕು. ಪಕ್ಕದಲ್ಲಿ ರಾಜೇಸಾಬ ಕೂತಿರುತ್ತಾನೆ. ಕೇಳುವುದೇ ಅವನ ಕೆಲಸ. ಹೇಳಿದ ಹೆಸರಿನ ಗಡಿಗೆಗೆ ಒಂದು ಹುಣಸೆ ಬೀಜ ಹಾಕುತ್ತಾನೆ. ಕಲ್ಲಿನಿಂದ ಇಳಿದ ಮೇಲೆ, ಎದುರಾಳಿಯ ಹೆಸರು ನಮ್ಮ ಬಾಯಿಗೆ ಬರುವುದಿಲ್ಲ. ಮುಂದಿನ ಚುನಾವಣೆಯ ಬೆಳಗಿನವರೆಗೆ ಬರುವುದಿಲ್ಲ. ನಾಲಿಗೆ ಏಳುತ್ತದೆ, ಉಸಿರು ಹೊರಡುತ್ತದೆ, ಹೆಸರು ಮಾತ್ರ ಇಲ್ಲ. ಬರೆಯಲು ಹೋದರೆ ಕೈ ನಿಲ್ಲುತ್ತದೆ. ಮೊದಮೊದಲು ಜನ ಶುಂಠಿ ಅಗಿದರು, ಬಜೆ ತೇಯ್ದು ನಾಲಿಗೆಗೆ ಹಚ್ಚಿದರು. ಆಮೇಲೆ ಬಿಟ್ಟರು. ಊರೆಂದ ಮೇಲೆ ಒಂದು ಇರುತ್ತದೆ, ಒಂದು ಇರುವುದಿಲ್ಲ.

ಮೊದಲ ಸಲ ಸೋತವರ ಹೆಸರು ಬಸಪ್ಪ. ನಮ್ಮ ಊರಲ್ಲಿ ಬಸಪ್ಪ ಇಲ್ಲದ ಮನೆ ಯಾವುದು? ಅರ್ಧ ಊರಿಗೆ ಅಪ್ಪನ ಹೆಸರು ಇಲ್ಲವಾಯಿತು, ಇನ್ನು ಕೆಲವರಿಗೆ ಮಗನದು. ಶಾಲೆಯಲ್ಲಿ ಹಾಜರಿ ಕೂಗುವಾಗ, ಮೊದಲಿನಿಂದಲೂ ತಮ್ಮ ಒಲೆ ತಾವೇ ಹಚ್ಚುವ ಕಂಠಿ ಮಾಸ್ತರರಿಗೆ ನಾಲ್ಕು ಹುಡುಗರ ಹೆಸರು ಬಾಯಿಗೆ ಬರದೆ ಐದು ವರ್ಷ ಅವರಿಗೆ ಗೈರುಹಾಜರಿ ಬಿತ್ತು. ನಾಲ್ವರೂ ಪಾಸಾದರು. ಅದಾದ ಮೇಲೆ ಪಕ್ಷದವರು ಬುದ್ಧಿ ಕಲಿತು, ಊರಲ್ಲಿ ಇನ್ನಾರಿಗೂ ಇಲ್ಲದ ಹೆಸರಿನವರನ್ನೇ ಹುಡುಕಿ ನಿಲ್ಲಿಸತೊಡಗಿದರು. ಯೋಗ್ಯತೆಯ ಮಾತು ಆಮೇಲೆ.

ಇನ್ನೊಂದು ತೊಡಕೂ ಇತ್ತು. ನಮ್ಮಲ್ಲಿ ಹೆಂಡತಿಯಾದವಳು ಗಂಡನ ಹೆಸರು ಹೇಳುವಂತಿಲ್ಲ. ಹೇಳಲೇಬೇಕಾದರೆ ಒಡಪು ಕಟ್ಟಿ, ಅದರೊಳಗೆ ಹೆಸರು ಸೇರಿಸಿ ಹೇಳಬೇಕು. ಬಸಪ್ಪನವರ ಹೆಂಡತಿ ಕಲ್ಲು ಹತ್ತಿದಾಗ ಪಾಪ, ಅಂಜಿಕೆಗೆ ಒಂದು ಒಡಪೂ ನೆನಪಾಗಲಿಲ್ಲ. ಬೆವರೊರೆಸಿಕೊಂಡು, ಇರುವ ಇನ್ನೊಂದು ಹೆಸರು ಹೇಳಿ ಇಳಿದಳು. ಬಸಪ್ಪನವರು ಸೋತದ್ದು ಒಂದೇ ಮತದಿಂದ. ಹಾಗಾಗಿ ಎರಡನೆಯ ಸಲ ಎರಡೂ ಪಕ್ಷದವರು ಹೆಂಡತಿ ಸತ್ತವರನ್ನೇ ನಿಲ್ಲಿಸಿದರು. ಮೂರನೆಯ ಸಲಕ್ಕೆ, ಅಂದರೆ ಎರಡು ವರ್ಷದ ಹಿಂದೆ, ಅಪರೂಪದ ಹೆಸರಿನ ಒಂಟಿ ಗಂಡಸರು ಊರಲ್ಲಿ ಒಬ್ಬನ ಹೊರತು ಮುಗಿದಿದ್ದರು.

ಆಗ ಊರಲ್ಲಿ ನಡೆದಿದ್ದ ಜಗಳ ಅಗಸಿಯದು. ದೊರೆ ಕಟ್ಟಿಸಿದ ಬಾಗಿಲು ಇರಬೇಕು, ಹೊತ್ತು ಮುಳುಗಿದ ಮೇಲೆ ಮುಚ್ಚಬೇಕು ಎಂಬುವರು ಅಗಸಿ ಪಕ್ಷ. ದೊರೆಯೇ ಹೋದ ಮೇಲೆ ಬಾಗಿಲೇಕೆ, ಕಿತ್ತು ಹಳ್ಳ ದಾಟಲು ಸಂಕ ಹಾಕಿ ಎಂಬುವರು ಬಯಲು ಪಕ್ಷ. ನಮ್ಮ ಮನೆಯವರು ಬಣ್ಣ ಹಾಕುವವರು, ನೀಲಿಯ ಬಾನಿಯಲ್ಲಿ ಕೈ ಅದ್ದಿ ಅದ್ದಿ ಮೊಣಕೈವರೆಗೆ ನೀಲಿಯಾದವರು. ಮಾತು ಬಲು ಕಡಿಮೆ. ಒಂದು ದಿನ ಯಾರೋ ಕೇಳಿದರೆಂದು, ಅಗಸಿ ಇದ್ದರೆ ಅರಿವೆ ಒಣಹಾಕಲು ನೆರಳಾಗುತ್ತದೆ ಎಂದಿದ್ದರು. ಅಷ್ಟೇ. ಮರುವಾರ ಕಂಠಿ ಮಾಸ್ತರರ ಪತ್ರಿಕೆಯಲ್ಲಿ ಇವರು ಅಗಸಿ ಪಕ್ಷದ ಉಮೇದುವಾರರು ಎಂದು ಅಚ್ಚಾಯಿತು. ಇವರು ಅದನ್ನು ಎರಡು ಸಲ ಓದಿ, ಮಡಿಚಿ, ಬಾನಿಯ ಕೆಳಗೆ ಬೆಂಕಿಗೆ ಹಾಕಿದರು. ನಿಂತವರು ತಮಗೆ ಮತ ಕೊಡಿ ಎಂದು ಕೇಳಬಾರದು, ಒಲ್ಲೆ ಎಂದೂ ಹೇಳಬಾರದು. ಕೇಳಿದವ ಮರಿ ದೊರೆ ಎಂದು ನಮ್ಮಲ್ಲಿ ಮಾತೇ ಇದೆ.

ಬಯಲು ಪಕ್ಷದವರು ನನ್ನ ತಮ್ಮನನ್ನು ನಿಲ್ಲಿಸಿದರು.

ತಮ್ಮ ಎಂದರೆ ತಮ್ಮನೂ ಹೌದು, ಮಗನೂ ಹೌದು. ಅವ್ವ ತೀರಿಕೊಂಡಾಗ ಅವನಿಗೆ ನಾಲ್ಕು ವರ್ಷ. ನಾನು ಈ ಮನೆಗೆ ಬರುವಾಗ ಸೀರೆ ಸೆರಗಿನ ಜೊತೆ ಅವನನ್ನೂ ಹಿಡಿದುಕೊಂಡು ಬಂದೆ. ಇವರು ಏನೂ ಅನ್ನಲಿಲ್ಲ. ಅವನೀಗ ಎತ್ತಿನ ದಲಾಲಿ. ಎತ್ತಿನ ಹಲ್ಲು ನೋಡಿ ಅದರ ವಯಸ್ಸು ಹೇಳುತ್ತಾನೆ, ಕೊಳ್ಳುವವರಿಗೆ ಒಂದು, ಮಾರುವವರಿಗೆ ಒಂದು. ಮದುವೆ ಮಾಡಿಕೊಳ್ಳಲಿಲ್ಲ. ಎದುರಿನ ಕೋಣೆಯಲ್ಲಿ ಮಲಗುತ್ತಾನೆ, ಊಟ ನಮ್ಮಲ್ಲೇ. ಆದರೆ ತಾನಾಗಿ ಬರುವ ಗಂಡಲ್ಲ. ನಾನು ಹೊಸ್ತಿಲಲ್ಲಿ ನಿಂತು ಹೆಸರು ಹಿಡಿದು ಮೂರು ಸಲ ಕೂಗಬೇಕು, ಮೂರನೆಯದಕ್ಕೆ ಏಳುತ್ತಾನೆ. ನನ್ನ ದನಿಯೂ ಹಾಗೇ, ಹಳ್ಳದ ಆಚೆಗೂ ಕೇಳುತ್ತದೆ. ನಾನು ಮೊದಲ ಸಲ ಕೂಗಿದಾಗ ನಮ್ಮ ಓಣಿಯವರು ಅನ್ನಕ್ಕೆ ಎಸರಿಡುತ್ತಿದ್ದರು, ಮೂರನೆಯ ಸಲಕ್ಕೆ ಗಂಡಸರು ಕೈಕಾಲು ತೊಳೆಯಲು ಏಳುತ್ತಿದ್ದರು. ಮೂವತ್ತು ವರ್ಷ ಒಂದು ದಿನ ತಪ್ಪಿಸಿಲ್ಲ.

ಅಂತೂ ನನ್ನ ಒಂದೇ ಒಲೆಯ ಮುಂದೆ ಇಬ್ಬರು ಉಮೇದುವಾರರು ಎದುರುಬದುರು ಕೂತು ರೊಟ್ಟಿ ಮುರಿಯತೊಡಗಿದರು. ಇಬ್ಬರಿಗೂ ಮತವಿಲ್ಲ, ಇರುವ ಒಂದು ಮತ ನನ್ನದು. ಊಟದ ಹೊತ್ತಿಗೆ ಚುನಾವಣೆಯ ಮಾತು ಬೇಡ ಎಂದೆ. ಇವರಿಗೆ ಅದು ಕಷ್ಟವಾಗಲಿಲ್ಲ. ತಮ್ಮ ಮಾತ್ರ ಎತ್ತಿನ ವಿಷಯ ಎತ್ತಿ, ಬಾಗಿಲಲ್ಲಿ ಎತ್ತುಗಳು ಹೇಗೆ ಸಿಕ್ಕಿಕೊಳ್ಳುತ್ತವೆ ಎಂದು ಸುತ್ತಿಬಳಸಿ ಹೇಳುತ್ತಿದ್ದ.

ಹೊರಗೆ ಊರಿಗೆ ಊರೇ ಹುಚ್ಚೆದ್ದಿತ್ತು. ಅಗಸಿಯವರು ಪೇಟಕ್ಕೆ ಹಳದಿ ಕುಚ್ಚು ಕಟ್ಟಿದರು, ಬಯಲಿನವರು ಹಸಿರು. ಎರಡಕ್ಕೂ ಬಣ್ಣ ಹಾಕಿದವರು ಇವರೇ. ಹಸಿರು ಬೇಕೆಂದರೆ ನೂಲನ್ನು ಮೊದಲು ನೀಲಿಯಲ್ಲಿ ಅದ್ದಿ ಆಮೇಲೆ ಅರಿಸಿನಕ್ಕೆ ಹಾಕಬೇಕು. ಇದನ್ನು ಕೇಳಿದ್ದೇ ತಡ, ಬಯಲಿನವರೆಲ್ಲ ಒಳಗೊಳಗೆ ಹಳದಿಯೇ ಎಂದು ಮಾಸ್ತರರು ಅಚ್ಚು ಹಾಕಿಸಿದರು. ಬಯಲಿನವರ ಪತ್ರಿಕೆ ಸುಮ್ಮನಿದ್ದೀತೆ? ನೀಲಗಾರ ಗೆದ್ದರೆ ಊರ ಬಾವಿ ನೀಲಿಯಾಗುತ್ತದೆ, ಹುಟ್ಟುವ ಕರುಗಳೂ ನೀಲಿ ಎಂದು ಬರೆಯಿತು. ಎರಡೂ ಪತ್ರಿಕೆಯಲ್ಲಿ ಒಂದೇ ಅಂಗಡಿಯವನು ಮಿರ್ಚಿ ಕಟ್ಟಿಕೊಡುತ್ತಿದ್ದ.

ಬಯಲಿನವರು ಎಂಟು ಎತ್ತು ಎಳೆಯುವ ಬಂಡಿಯ ಮೇಲೆ ಒಂದೇ ಒಂದು ಪೆಂಟೆ ಬೆಲ್ಲ ಇಟ್ಟು ಮೆರವಣಿಗೆ ತೆಗೆದರು, ಆನೆಯಷ್ಟು ಬೆಲ್ಲ. ಯಾವ ಪಕ್ಷದವರಾದರೂ ಒಡೆದುಕೊಂಡು ತಿನ್ನಬಹುದು ಎಂದರು. ಅಗಸಿಯವರು ಹಗಲೆಲ್ಲ ಬೈದು, ಚೀಲ ತಂದು ಒಡೆದುಕೊಂಡು ಹೋದರು. ಇದಕ್ಕೆ ಉತ್ತರವಾಗಿ ಅಗಸಿಯವರು ಕಾಡಿನಿಂದ ಭಾರಿ ಉದ್ದದ ಕಂಬ ಕಡಿಸಿ, ತುದಿಗೆ ಹಳದಿ ಬಾವುಟ ಕಟ್ಟಿ, ನೆಟ್ಟಗೆ ನಿಲ್ಲಿಸಿಕೊಂಡೇ ಊರೊಳಗೆ ತರಬೇಕೆಂದು ಹೊರಟರು. ಅದು ಅಗಸಿಯೊಳಗೆ ಹಿಡಿಸಲಿಲ್ಲ. ಮಲಗಿಸಿ ತಂದರೆ ಅವಮಾನ. ಕಂಬ ಊರ ಹೊರಗೇ ಉಳಿಯಿತು, ಕಾಯಲು ಇಬ್ಬರನ್ನು ಇಟ್ಟರು. ಬಾಗಿಲು ಬೇಕೆನ್ನುವವರೇ ಬಾಗಿಲ ಹೊರಗೆ ಉಳಿದರು ಎಂದು ಎದುರಿನವರು ಎಂಟು ದಿನ ನಕ್ಕರು. ಮಾಸ್ತರರೇ, ಇದನ್ನು ಬಿಡಬೇಡಿ, ಬರೆಯಿರಿ.

ಮತಗಳನ್ನು ಲೆಕ್ಕ ಹಾಕುವವರು ಹಾಕುತ್ತಲೇ ಇದ್ದರು. ಈ ಓಣಿ ಹಳದಿ, ಆ ಓಣಿ ಹಸಿರು, ಎಷ್ಟು ಕೂಡಿಸಿದರೂ ಸಮ. ಹಾಗೆ ಎಲ್ಲರ ಕಣ್ಣು ನನ್ನ ಒಲೆಯ ಮೇಲೆ ಬಿತ್ತು. ಹೇಳದೆ ಸುಮ್ಮನಿರುತ್ತೇನೆ ಎಂದರೆ ಆಗದು. ಹೆಸರು ಹೇಳದ ಒಲೆಗೆ ನೀರು ಸುರಿಯುತ್ತಾರೆ, ಐದು ವರ್ಷ ಹಚ್ಚುವಂತಿಲ್ಲ. ಗಂಡನ ಹೆಸರು ಹೇಳಿದರೆ ತಮ್ಮನ ಹೆಸರು ಹೋಗುತ್ತದೆ. ತಮ್ಮನ ಹೆಸರು ಹೇಳಿದರೆ ಗಂಡನ ಹೆಸರು ಹೋಗುತ್ತದೆ.

ಇದರಲ್ಲಿ ಕಷ್ಟವೇನಿದೆ ಎಂದು ಊರಿಗೆ ಊರೇ ಹೇಳಿತು. ಗಂಡನ ಹೆಸರನ್ನು ಹೇಗೂ ಹೇಳುವುದಿಲ್ಲ, ಅದು ಹೋದರೆಷ್ಟು ಇದ್ದರೆಷ್ಟು. ದಿನಕ್ಕೆ ಮೂರು ಸಲ ಕೂಗುವ ಹೆಸರನ್ನು ಯಾವ ಹೆಂಗಸು ಬಿಟ್ಟಾಳು? ಬಯಲಿನವರ ಪತ್ರಿಕೆ ದೊಡ್ಡ ಅಕ್ಷರದಲ್ಲಿ ‘ಹೇಳದ ಹೆಸರಿಗೆ ಬೆಲೆ ಏನು?’ ಎಂದು ಹಾಕಿತು. ಅದನ್ನು ಬರೆಸಿದವನು ನನ್ನ ತಮ್ಮನೇ ಎಂದು ಆಮೇಲೆ ತಿಳಿಯಿತು. ಚಹದ ಅಂಗಡಿಯಲ್ಲಿ ಕೂತು, ಅಕ್ಕನ ಮತದ ಚಿಂತೆ ಬಿಡ್ರಿ, ಆಕೀಗೆ ಕಳಕೊಳ್ಳೂದು ಏನೂ ಇಲ್ಲ ಎಂದನಂತೆ.

ಅದನ್ನು ಕೇಳಿ ನನಗೆ ಮೈಯೆಲ್ಲ ಉರಿಯಿತು. ಅವನು ಮತ ಕೇಳಿದ್ದರೆ ಬೈದು ಬಿಡುತ್ತಿದ್ದೆ. ಕಳೆದುಕೊಳ್ಳುವುದು ಏನೂ ಇಲ್ಲ ಎಂದನಲ್ಲ, ಅದು ಚುಚ್ಚಿತು.

ಯಾಕೆ ಚುಚ್ಚಿತು ಎಂದರೆ ಹೀಗೆ. ಜ್ವರದ ವರ್ಷ ಇವರು ಹನ್ನೊಂದು ದಿನ ಎಚ್ಚರವಿಲ್ಲದೆ ಮಲಗಿದ್ದರು. ವೈದ್ಯರು ಕೈ ಹಿಡಿದು ನೋಡಿ, ಇನ್ನು ಔಷಧದ ಮಾತಿಲ್ಲ, ಹತ್ತಿರದವರು ಯಾರಾದರೂ ಹೆಸರು ಹಿಡಿದು ಕರೆದು ನೋಡಲಿ ಎಂದು ಎದ್ದು ಹೋದರು. ಇವರಿಗೆ ಹಿರಿಯರು ಯಾರೂ ಉಳಿದಿರಲಿಲ್ಲ. ಬಾಗಿಲು ಹಾಕಿಕೊಂಡು, ಕಿವಿಗೆ ಬಾಯಿ ಹಚ್ಚಿ, ಒಡಪು ಗಿಡಪು ಏನಿಲ್ಲದೆ ನಾನೇ ಕರೆದೆ. ಏಳು ಸಲ ಕರೆದೆ. ಏಳನೆಯದಕ್ಕೆ ಕಣ್ಣು ತೆರೆದು, ಯಾರು ಕರೆದದ್ದು ಎಂದರು. ನಾನು ಗೊತ್ತಿಲ್ಲ ಎಂದೆ. ಅಂದಿನಿಂದ ಆ ಹೆಸರನ್ನು ಬಿತ್ತನೆ ಕಾಳಿನ ಹಾಗೆ ಇಟ್ಟುಕೊಂಡಿದ್ದೇನೆ. ತಿನ್ನುವುದಿಲ್ಲ ಎಂದು ಮನೆಯಲ್ಲಿ ಬಿತ್ತನೆ ಕಾಳೇ ಇಲ್ಲ ಎಂದರೆ ಹೇಗೆ?

ಆದರೆ ತಮ್ಮನನ್ನು ಊಟಕ್ಕೆ ಕರೆಯುವುದು ಹೇಗೆ ಎಂದು ನೆನೆದರೆ ಎದೆ ಒಡೆಯುತ್ತಿತ್ತು. ಏ, ಲೋ, ಇಲ್ಲಿ ಬಾರೋ ಎಂದರೆ ಅವನು ಬರುವವನಲ್ಲ. ಹೆಸರಿಗೇ ಏಳುವ ರೂಢಿ, ನಾಲ್ಕು ವರ್ಷದವನಿದ್ದಾಗಿನಿಂದ. ನಾನೇ ಹಚ್ಚಿದ ರೂಢಿ.

ಚುನಾವಣೆಯ ಹಿಂದಿನ ದಿನ ಕಂಠಿ ಮಾಸ್ತರರು ಬಂದು ಕಟ್ಟೆಯ ಮೇಲೆ ಕೂತು, ಪಕ್ಷ, ಊರು, ಮುಂದಿನ ಪೀಳಿಗೆ ಎಂದೆಲ್ಲ ಹೇಳಿದರು. ಹೆಂಡತಿಯೇ ಕೈಬಿಟ್ಟಳು ಎಂದರೆ ಪಕ್ಷದ ಮುಖ ಏನಾದೀತು ಎಂದರು. ಹಪ್ಪಳ ಒಣಹಾಕುತ್ತ ಎಲ್ಲವನ್ನೂ ಕೇಳಿದೆ. ಕೊನೆಗೆ, ನಿಮಗೆ ಐದು ವರ್ಷ ನಾಲ್ಕು ಹುಡುಗರ ಹೆಸರು ಬಾಯಿಗೆ ಬರಲಿಲ್ಲವಲ್ಲ, ಹೇಗಿತ್ತು ಎಂದು ಕೇಳಿದೆ. ಅವರು ಒಂದು ಹಪ್ಪಳ ತಿರುವಿ ಹಾಕಿ, ಆ ಹುಡುಗರಲ್ಲಿ ಒಬ್ಬ ದಿನಾ ಕೈ ಎತ್ತುತ್ತಿದ್ದ, ಹೆಸರು ಕೂಗುವ ಮೊದಲೇ ಎತ್ತುತ್ತಿದ್ದ ಎಂದರು. ಹಪ್ಪಳ ಎರಡು ತಿಂದು ಹೋದರು. ಈಗ ಇದನ್ನು ಬರೆಯುವಾಗ ಅವರ ಕೈ ನಿಂತಿದೆ. ಬರೆಯಿರಿ ಮಾಸ್ತರರೇ.

ಚುನಾವಣೆಯ ಬೆಳಿಗ್ಗೆ ನಾನು ಒಲೆ ಹಚ್ಚಿ ರೊಟ್ಟಿ ಬಡಿಯುತ್ತಿದ್ದೆ. ಇವರು ಬಂದು ಒಲೆಯ ಮುಂದೆ ಕೂತರು. ಬೆಳಗಿನ ಹೊತ್ತು ಒಲೆಯ ಹತ್ತಿರ ಬರುವವರಲ್ಲ, ಬಾನಿಯ ಹತ್ತಿರ ಇರುವವರು. ನೀಲಿ ಕೈಯನ್ನು ಬೆಂಕಿಗೆ ಕಾಸುತ್ತ ಬಹಳ ಹೊತ್ತು ಕೂತಿದ್ದರು. ಆಮೇಲೆ ಹೇಳಿದರು:

“ತಮ್ಮನ ಹೆಸರ ಹೇಳಿಬಿಡು. ನನ್ನ ಹೆಸರ ಹೋದ್ರ ಏನಾತು, ನಾ ಎಲ್ಲಿ ಹೋಗ್ತೀನಿ, ಇಲ್ಲೇ ಇರ್ತೀನಲ್ಲ. ಅವ ಕರೀದಽ ಊಟಕ್ಕ ಬರೂದಿಲ್ಲ.”

ನಿಂತವರು ತಮಗೆ ಮತ ಕೇಳಬಾರದು ಎಂದು ಕಾಗದದಲ್ಲಿದೆ. ಎದುರಾಳಿಗೆ ಕೇಳಬಾರದು ಎಂದು ಬರೆಯುವುದು ಯಾರಿಗೂ ಹೊಳೆದಿರಲಿಲ್ಲ. ಹಂಚಿನ ಕಡೆ ನೋಡುವುದನ್ನು ಮರೆತೆ. ರೊಟ್ಟಿ ಹೊತ್ತಿತು. ನನ್ನ ಬಾಳಿನಲ್ಲಿ ಹೊತ್ತಿಸಿದ ರೊಟ್ಟಿ ಅದೊಂದೇ, ಅದನ್ನೂ ಇವರು ತಿಂದರು.

ನಿಂತವರ ಮನೆಯ ಒಲೆ ಕೊನೆಗೆ ಎಂಬುದು ರೂಢಿ. ನಾನು ಕಲ್ಲಿನ ಹತ್ತಿರ ಹೋದಾಗ ಬಿಸಿಲು ಏರಿತ್ತು. ರಾಜೇಸಾಬ ಎರಡೂ ಗಡಿಗೆ ಸುರಿದು ಎಣಿಸಿ ಮತ್ತೆ ತುಂಬಿದ್ದ. ನೂರಾ ನಲವತ್ತಮೂರು ಅತ್ತ, ನೂರಾ ನಲವತ್ತಮೂರು ಇತ್ತ. ಒಂದು ಬೀಜ ಅವನ ಅಂಗೈಯಲ್ಲಿ ಉಳಿದಿತ್ತು. ತಮ್ಮ ಹಸಿರು ಕುಚ್ಚು ಕಟ್ಟಿ ಮುಂದೆಯೇ ನಿಂತಿದ್ದ, ನನ್ನನ್ನು ನೋಡಿ ನಕ್ಕ. ಊಟಕ್ಕೆ ಏನು ಮಾಡೀಯಕ್ಕ ಎಂದು ಕೇಳುವಾಗಿನ ನಗೆ ಅದು. ಇವರು ಎಲ್ಲರ ಹಿಂದೆ, ಅಗಸಿಯ ನೆರಳಿನಲ್ಲಿ, ಕೈ ಕಟ್ಟಿಕೊಂಡು ನೆಲ ನೋಡುತ್ತಿದ್ದರು.

ತನ್ನ ಹೆಸರನ್ನು ಭಾವಮೈದುನನ ಊಟಕ್ಕಾಗಿ ಬಿಟ್ಟುಕೊಟ್ಟ ಮನುಷ್ಯ. ಅಂಥವನ ಹೆಸರನ್ನು ಬಿಡುವುದು ನನ್ನಿಂದ ಆಗಲಿಲ್ಲ. ಕಲ್ಲು ಹತ್ತಿ, ಸೆರಗು ಸರಿಮಾಡಿಕೊಂಡು, ಹಳ್ಳದ ಆಚೆಗೂ ಕೇಳುವ ನನ್ನ ದನಿಯಲ್ಲಿ ಹೇಳಿದೆ: “ಬಾನ್ಯಾಗ ನೀಲಿ, ನೀಲ್ಯಾಗ ಸೀರಿ, ಒಗದಷ್ಟೂ ಬಣ್ಣ ಬಲು ಜೋರು, ಒಲಿ ಹಿಂದ ಮುಚ್ಚಿಟ್ಟೆ ಮೂವತ್ತು ವರ್ಷ, ಏಕಾಂತಪ್ಪ ನನ್ನ ಗಂಡನ ಹೆಸರು.”

ರಾಜೇಸಾಬ ನಾಲ್ಕೂ ಸಾಲು ಮುಗಿಯುವವರೆಗೆ ಕಾದು, ಹೆಸರು ಬಂತು ಎಂದು ಬೀಜ ಹಾಕಿದ. ಹಳದಿಯವರು ಕುಣಿದರು. ಕಂಬ ಕಾಯುತ್ತಿದ್ದ ಇಬ್ಬರಿಗೆ ಯಾರೋ ಓಡಿಹೋಗಿ ಸುದ್ದಿ ಹೇಳಿದರು. ಇವರು ತಲೆ ಎತ್ತಿ ನನ್ನನ್ನು ನೋಡಿದರು. ಜ್ವರ ಬಿಟ್ಟ ದಿನ ಕಣ್ಣು ತೆರೆದು ನೋಡಿದ್ದರಲ್ಲ, ಹಾಗೇ ನೋಡಿದರು. ಅಂದು ಕರೆದದ್ದು ಯಾರು ಎಂದು ಅವರಿಗೆ ತಿಳಿಯಿತು ಎಂದು ನನಗೂ ತಿಳಿಯಿತು. ನನ್ನ ತಮ್ಮ ಆ ನಗೆಯನ್ನು ಹಾಗೇ ಮುಖದ ಮೇಲೆ ಬಿಟ್ಟುಕೊಂಡು ಸ್ವಲ್ಪ ಹೊತ್ತು ನಿಂತಿದ್ದ. ಆಮೇಲೆ ಕುಚ್ಚು ಬಿಚ್ಚಿ ಜೇಬಿಗೆ ಹಾಕಿಕೊಂಡು ಹೋದ.

ಹಾರ ಹಾಕಲು ಬಂದವರಿಗೆ ಊರ ಹಿರಿಯ ಸಿಗಲಿಲ್ಲ. ಇವರು ಸಂದಿಯಲ್ಲಿ ನುಸುಳಿ ಮನೆಗೆ ಬಂದು ಬಾನಿ ಕದಡುತ್ತಿದ್ದರು. ನಾನು ಅಡುಗೆ ಮುಗಿಸಿದೆ. ಬದನೆಕಾಯಿ ಎಣಗಾಯಿ, ಅವನಿಗೆ ಸೇರುವುದು. ಹೊತ್ತು ನೆತ್ತಿಗೆ ಬಂತು. ಹೊಸ್ತಿಲಲ್ಲಿ ನಿಂತೆ. ಎದುರಿಗೆ ಅವನು ಬಾಗಿಲ ಮುಂದೆ ಕೂತಿದ್ದ, ಬೇಕೆಂದೇ ಮುಖ ಅತ್ತ ಮಾಡಿಕೊಂಡು. ಬಾಯಿ ತೆರೆದೆ. ನಾಲಿಗೆ ಎದ್ದಿತು, ಉಸಿರು ಹೊರಟಿತು. ಏನೂ ಬರಲಿಲ್ಲ. ಓಣಿಯ ಬಾಗಿಲುಗಳಲ್ಲಿ ಹೆಂಗಸರು ಎಸರಿನ ಪಾತ್ರೆ ಹಿಡಿದು ನಿಂತಿದ್ದರು. ಮತ್ತೆ ತೆರೆದೆ. ನನಗೆ ಅಳು ಬಂತು, ಅದಕ್ಕೂ ದನಿ ಇರಲಿಲ್ಲ.

ಬಾನಿಯ ಸದ್ದು ನಿಂತಿತು. ಇವರು ಹೊರಗೆ ಬಂದು ನನ್ನ ಪಕ್ಕದಲ್ಲಿ ನಿಂತರು. ಒಲೆ ಹಚ್ಚದವರು, ಮತ ಇಲ್ಲದವರು. ಅವರ ಬಾಯಿಂದ ಯಾವ ಹೆಸರೂ ಹೋಗಿರಲಿಲ್ಲ. ಈ ಬಾಳಿನಲ್ಲಿ ಯಾರನ್ನೂ ಕೂಗಿ ಕರೆದವರಲ್ಲ. ನೀಲಿ ಕೈಯನ್ನು ಬಾಯಿಗೆ ಅಡ್ಡ ಹಿಡಿದು, ನನ್ನ ತಮ್ಮನ ಹೆಸರು ಕೂಗಿದರು. ತೆಳ್ಳನೆ ದನಿ, ಎರಡು ಮನೆ ದಾಟುವುದಿಲ್ಲ. ಅವನು ಅಲುಗಲಿಲ್ಲ. ಎರಡನೆಯ ಸಲ ಕೂಗಿದರು. ಮೂರನೆಯ ಸಲಕ್ಕೆ ಎದ್ದು, ಧೋತರ ಕೊಡವಿಕೊಂಡು ಬಂದ. ಇವರ ಎದುರಿಗೆ ಕೂತು, ಯಾರ ಮುಖವನ್ನೂ ನೋಡದೆ, “ಮಾವಾ, ಇನ್ನೊಂಚೂರು ಜೋರ್ ಕರೀರಿ, ನಂಗ ಕೇಳ್ಸೂದಿಲ್ಲ” ಎಂದ. ನಾನು ಎಣಗಾಯಿ ಬಡಿಸಿದೆ.

ಇದಾಗಿ ಎರಡು ವರ್ಷ. ಅಗಸಿಯ ಬಾಗಿಲು ಇದೆ, ಮುಚ್ಚಲು ಯಾರಿಗೂ ನೆನಪಿರುವುದಿಲ್ಲ. ತಮ್ಮನ ಹೆಸರೇನು ಎಂದು ನೀವು ಕೇಳಿದರೆ ನಾನು ಹೇಳಲಾರೆ. ಬರೆಯುತ್ತಿರುವ ಮಾಸ್ತರರೂ ಹಳದಿಯವರೇ, ಅವರಿಗೂ ಬಾರದು. ಇನ್ನು ಮೂರು ವರ್ಷ ತಡೆಯಿರಿ. ಇವರ ದನಿ ಮೂರನೆಯ ಮನೆಗೆ ಮುಟ್ಟದೆ, ಒಬ್ಬರಿಂದ ಒಬ್ಬರಿಗೆ ಹೇಳಿ, ನಮ್ಮ ಓಣಿಯ ಊಟ ಕಾಲು ತಾಸು ತಡವಾಗಿದೆ. ಆದರೂ ದಿನಾ ಮಧ್ಯಾಹ್ನ ಇವರು ಕೂಗುವಾಗ ನಾನೂ ಪಕ್ಕದಲ್ಲಿ ನಿಂತು ಬಾಯಿ ತೆರೆಯುತ್ತೇನೆ. ದೂರದಿಂದ ನೋಡಿದವರು ನಾನೇ ಕರೆಯುತ್ತಿದ್ದೇನೆ ಎಂದುಕೊಳ್ಳುತ್ತಾರೆ.